ಒಂಟಿ ಹನಿಯನ್ನು ಅಳಿಸಿದವರಿಗೆ

ಲೆಕ್ಕದಮನೆ, ಮೇಲ್ಕಟ್ಟೆ, ಅಘನಾಶಿನಿ ಅಳಿವೆ
ಎರಡನೇ ಆರಿದ್ರಾ ಮಳೆಯ ನಡುಭಾಗ, ೨೧೮೩

“ನೀರು ಒಂದೇ, ಹನಿ ಎಂಬುದು ನಮ್ಮ ಅವಸರ.” ಸಾಲು ಹೀಗೇ ಇತ್ತೋ, ಕೊನೆಯ ಮಾತು ಬೇರೆ ಇತ್ತೋ, ನನಗೆ ಖಚಿತವಿಲ್ಲ. ಅದನ್ನು ಓದಿದ ಕವಿತೆ ಪುಸ್ತಕ ಉಪ್ಪುಗಾಳಿಗೆ ಪುಡಿಯಾಗಿದೆ. ಬರೆದವರ ಹೆಸರಿದ್ದ ಹಾಳೆ ಅದಕ್ಕೂ ಮೊದಲೇ ಹೋಗಿತ್ತು. ಓದಿದಾಗ ನಾನು ಹುಡುಗಿ, ದೊಡ್ಡ ಮಾತು ಅನಿಸಿತ್ತು. ಈಗ ನಲವತ್ತೆಂಟರಲ್ಲಿ ಅದೇ ಸಾಲು ಎರಡು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ, ಆದರೆ ಒಪ್ಪಿಕೊಳ್ಳಲು ಆಗುತ್ತಿಲ್ಲ. ನೀರು ಒಂದೇ ಎನ್ನುವುದು ದಡದ ಮೇಲೆ ಕೂತು ನೋಡುವವರ ಮಾತಲ್ಲವೇ? ಹೊಸ್ತಿಲು ದಾಟುವ ನೀರು ಹಾಗೆ ಬರುವುದಿಲ್ಲ. ಮೊದಲು ನೆಲದ ಬಣ್ಣ ಸ್ವಲ್ಪ ಕಪ್ಪಾಗುತ್ತದೆ. ಆಮೇಲೆ ಒಂದು ಎಳೆ, ದಾರಿ ತಿಳಿಯದ ಹಾಗೆ ನಿಂತು ನಿಂತು ಬರುತ್ತದೆ. ಹಿಂದೆ ಬರುವುದಕ್ಕೆಲ್ಲ ಅದೇ ದಾರಿ.

ಇದನ್ನು ಓದುತ್ತಿರುವವರೇ, ಮೇಲೆ ಬರೆದ ದಿನ ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಿಮ್ಮ ಕಾಲದಲ್ಲಿ ಆರಿದ್ರಾ ಒಂದೇ ಇತ್ತಂತೆ, ಅದು ಮುಗಿದರೆ ಪುನರ್ವಸು. ನಮಗೆ ಆರಿದ್ರಾ ಸುರಿದು, ನಡುವೆ ಬಿಸಿಲು ಕಾದು, ಮತ್ತೆ ಅದೇ ಮಳೆ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ. ಹೊಸ ಹೆಸರಿಡಲು ಯಾರಿಗೂ ಮನಸ್ಸು ಬರಲಿಲ್ಲ. ನನ್ನ ಇನ್ನೂ ಕೆಲವು ಪದಗಳು ನಿಮಗೆ ವಿಚಿತ್ರ ಅನಿಸಬಹುದು, ಕ್ಷಮಿಸಿ. ಬಂದ ಕಡೆಯೇ ಅರ್ಥ ಹೇಳುತ್ತ ಹೋಗುತ್ತೇನೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಗಂಡಸೋ ಹೆಂಗಸೋ, ಆ ದಿನ ಹಸಿದಿದ್ದಿರೋ, ಮನೆಗೆ ಹೋಗುವ ಗಡಿಬಿಡಿಯಲ್ಲಿದ್ದಿರೋ ತಿಳಿಯದು. ಗೊತ್ತಿರುವುದು ಇಷ್ಟೇ: ನೂರೈವತ್ತು ವರ್ಷಗಳ ಹಿಂದೆ, ತೆಳುನೀರಿನ ಹರಿವನ್ನು ಲೆಕ್ಕ ಹಾಕುವ ಸೂತ್ರಗಳನ್ನು ಬರೆಯುತ್ತ ನೀವು ನಡುವೆ ಒಂದು ಸಾಲು ಸೇರಿಸಿದಿರಿ. “ಸುತ್ತ ಯಾರೂ ಇಲ್ಲದ ಹನಿಯನ್ನು ಅಳಿಸು.” ಪಕ್ಕದಲ್ಲಿ ಒಂದು ಟಿಪ್ಪಣಿ: “ತಾತ್ಕಾಲಿಕ. ಆಮೇಲೆ ನೋಡೋಣ.” ನಾನು ಆ ‘ಆಮೇಲೆ’ಯಿಂದ ಬರೆಯುತ್ತಿದ್ದೇನೆ.

ಸತ್ತವರಿಗೆ ಕಾಗದ ಬರೆಯುವುದು ಹುಚ್ಚು ಅಂದುಕೊಳ್ಳಬೇಡಿ. ಇದು ನಮ್ಮ ಕಚೇರಿಯ ಪದ್ಧತಿ. ಇದಕ್ಕೆ ಅಪ್ಪಣೆ ಪತ್ರ ಎನ್ನುತ್ತೇವೆ. ಲೆಕ್ಕದಮನೆಯಲ್ಲಿ ಯಾವ ಸೂತ್ರವನ್ನು ಬದಲಿಸಬೇಕಾದರೂ, ಅದನ್ನು ಮೊದಲು ಬರೆದವರಿಗೆ ಒಂದು ಪತ್ರ ಬರೆಯಬೇಕು. ಏಕೆ ಬದಲಿಸುತ್ತೇವೆ, ಬದಲಿಸಿದರೆ ಏನು ಕೆಡಬಹುದು, ಎರಡನ್ನೂ ಹೇಳಬೇಕು. ಬರೆದ ಪತ್ರವನ್ನು ಬಾಗಿಲು ತೆರೆದಿಟ್ಟು ಗಟ್ಟಿಯಾಗಿ ಓದಬೇಕು. ಹೊರಗಿನವರು ಯಾರು ಬೇಕಾದರೂ ಬಂದು ಕೇಳಬಹುದು. ಓದಿದ ಮೇಲೆ ಲೆಕ್ಕಿಗರೆಲ್ಲ ಕೈ ಎತ್ತುತ್ತಾರೆ. ಹಳಬರು ಇದನ್ನು ಏಕೆ ಮಾಡಿದರೆಂದರೆ, ಒಂದು ಕಾಲದಲ್ಲಿ ಬಂದವರೆಲ್ಲ ತಮ್ಮ ಬುದ್ಧಿಗೆ ತೋಚಿದ್ದನ್ನು ತಿದ್ದಿ, ಕೊನೆಗೆ ಯಾವ ಸಾಲು ಏಕಿದೆ ಎಂದು ಯಾರಿಗೂ ಗೊತ್ತಾಗದ ಹಾಗೆ ಆಗಿತ್ತಂತೆ. ಪತ್ರ ಬರೆಯುವಾಗ ಕೈ ನಿಧಾನವಾಗುತ್ತದೆ. ಸಾಮಾನ್ಯ ದಿನಗಳಲ್ಲಿ ನನಗೆ ಈ ಪದ್ಧತಿ ಇಷ್ಟ. ಇವತ್ತು ನಿಧಾನ ಸಹಿಸಲಾಗುತ್ತಿಲ್ಲ, ಏಕೆಂದರೆ ನಾಡಿದ್ದು ಅಮಾವಾಸ್ಯೆ, ಕಡಲು ತುಂಬಿ ಬರುವ ದಿನ.

ನಮ್ಮ ಊರು ನಿಮಗೆ ಕಾಣುವ ಹಾಗೆ ಹೇಳಬೇಕು. ನಿಮ್ಮ ನಕ್ಷೆಯಲ್ಲಿ ಗದ್ದೆ ಎಂದಿರುವಲ್ಲಿ ಈಗ ದಿನಕ್ಕೆ ಎರಡು ಸಲ ಕಡಲು ಬಂದು ಹೋಗುತ್ತದೆ. ಮೇಲ್ಕಟ್ಟೆ ಎಂದರೆ ಬೆಳಚು ಎಂಬ ಕಪ್ಪೆಚಿಪ್ಪಿನ ಸುಣ್ಣ, ಜಂಬಿಟ್ಟಿಗೆ ಕಲ್ಲು ಸೇರಿಸಿ ಕಟ್ಟಿದ ಉದ್ದನೆಯ ದಿಬ್ಬ. ಅದರ ಬೆನ್ನ ಮೇಲೆ ನಮ್ಮ ಮನೆಗಳು, ಒಂದರ ಗೋಡೆಗೆ ಒಂದು ತಾಗಿ. ದಿಬ್ಬದ ಎರಡೂ ಕಡೆ ಗಜನಿ, ಅಂದರೆ ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಗದ್ದೆ. ಕಗ್ಗ ನಿಮ್ಮಲ್ಲೂ ಇತ್ತು, ನಮ್ಮದು ಇನ್ನೂ ಎತ್ತರ. ದೋಣಿಯಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತೇವೆ. ಗಡಿಯಾರ ಇದೆ, ಆದರೆ ಯಾರೂ ನೋಡುವುದಿಲ್ಲ. ಭರತಿ, ಅಂದರೆ ಏರುನೀರು, ಬಂದರೆ ಮಕ್ಕಳ ಶಾಲೆ ದೋಣಿ ಹೊರಡುತ್ತದೆ. ಇಳಿತಕ್ಕೆ ಹೆಂಗಸರು ಬೆಳಚು ಆರಿಸಲು ಕೆಸರಿಗಿಳಿಯುತ್ತಾರೆ. ಮದುವೆಯ ಮುಹೂರ್ತವನ್ನೂ ನೆಂಟರ ದೋಣಿ ದಡ ಮುಟ್ಟುವ ಹೊತ್ತು ನೋಡಿಯೇ ಇಡುತ್ತಾರೆ. ಹೊಳೆಯ ನಡುವೆ ಕುರ್ವೆಗಳಿವೆ, ಅಂದರೆ ನಡುಗಡ್ಡೆಗಳು. ದೊಡ್ಡದು ಜೋಗಿಕುರ್ವೆ. ಸುತ್ತ ತಗ್ಗಾದ ಕಟ್ಟೆ, ನಡುವೆ ಬಟ್ಟಲಿನ ಹಾಗೆ ನೆಲ, ಆ ಬಟ್ಟಲಿನ ತಳದಲ್ಲಿ ಶಾಲೆ. ದೊಡ್ಡ ದೋಣಿಗಳೆಲ್ಲ ಕಟ್ಟೆ ಸಮಿತಿಯವು. ಲೆಕ್ಕದಮನೆಯ ಕಂಬದ ಮೇಲೆ ಬಿಳಿ ಬಾವುಟ ಇದ್ದರೆ ಜನ ಇದ್ದಲ್ಲೇ ಇರುತ್ತಾರೆ. ಕೆಂಪು ಏರಿದರೆ ಮಾತ್ರ ಆ ದೋಣಿಗಳ ಹಗ್ಗ ಬಿಚ್ಚುತ್ತಾರೆ.

ಬಾವುಟದ ಬಣ್ಣ ಹೇಳುವುದು ನಮ್ಮ ಕೆಲಸ. ನಿಮ್ಮ ಕಾಲದಲ್ಲಿ ಬಹಳ ಜನ ಇದನ್ನು ಬಲೆಲೆಕ್ಕದಿಂದ ಮಾಡುತ್ತಿದ್ದರು. ನೆಲದ ಮೇಲೆ ಒಂದು ಬಲೆ ಹಾಸಿದ ಹಾಗೆ ಎಣಿಸಿ, ಪ್ರತಿ ಕಣ್ಣಿನಲ್ಲಿ ನೀರು ಎಷ್ಟಿದೆ, ಪಕ್ಕದ ಕಣ್ಣಿಗೆ ಎಷ್ಟು ಹೋಯಿತು ಎಂದು ನೋಡುವುದು. ನೆಲ ಗಟ್ಟಿಯಾಗಿದ್ದರೆ ಅದು ಒಳ್ಳೆಯದೇ. ನಮ್ಮ ನೆಲ ಗಟ್ಟಿಯಲ್ಲ. ಕಳೆದ ವರ್ಷದ ಕೆಸರುದಿಬ್ಬ ಈ ವರ್ಷ ಕಾಲುವೆ. ಬಲೆ ಹಾಸಿ ಮುಗಿಸುವಷ್ಟರಲ್ಲಿ ದಡ ಬೇರೆ ಕಡೆ ಹೋಗಿರುತ್ತದೆ. ಆದ್ದರಿಂದ ನಾವು ಹನಿಲೆಕ್ಕ ಮಾಡುತ್ತೇವೆ, ನೀವು ಬರೆದದ್ದೂ ಅದನ್ನೇ. ಬಲೆಯೇ ಇಲ್ಲ. ಇಡೀ ಅಳಿವೆಯ ನೀರನ್ನು ಹನಿಗಳಾಗಿ ಹಂಚುತ್ತೇವೆ; ಒಂದೊಂದು ಹನಿ ಒಂದೊಂದು ಪಾಲು ನೀರನ್ನು ಹೊತ್ತು ಎಲ್ಲಿ ಬೇಕಾದರೂ ಹೋಗಬಹುದು. ಹನಿಗಳು ಒತ್ತಾಗಿ ಸೇರಿದಲ್ಲಿ ನೀರು ಆಳ, ಚದುರಿದಲ್ಲಿ ತೆಳು. ಪ್ರತಿ ಹನಿಗೂ ಒಂದು ಕೈಯಳತೆ ಇದೆ. ಕೈಗೆ ಸಿಗುವಷ್ಟು ದೂರದ ಹನಿಗಳನ್ನು ಮಾತ್ರ ಅದು ವಿಚಾರಿಸುತ್ತದೆ, ಕಿಕ್ಕಿರಿದ ಕಡೆಯಿಂದ ಖಾಲಿ ಕಡೆಗೆ, ಎತ್ತರದಿಂದ ತಗ್ಗಿಗೆ ಸರಿಯುತ್ತದೆ. ಅಳಿವೆ ಹೇಗಿದೆ ಎಂದು ಯಾವ ಹನಿಗೂ ಗೊತ್ತಿಲ್ಲ. ಆದರೂ ಎಲ್ಲ ಸೇರಿದರೆ ಭರತಿ ಏರುತ್ತದೆ, ಕಟ್ಟೆಗೆ ಬಡಿಯುತ್ತದೆ, ತೂಬಿನಲ್ಲಿ ನುಗ್ಗುತ್ತದೆ. ಕಚೇರಿಯ ಗೋಡೆಯ ಮೇಲೆ ಹನಿಗಳು ಬೆಳಕಿನ ಚುಕ್ಕಿಗಳಾಗಿ ಓಡುವುದನ್ನು ನೋಡಲು ಊರಿನ ಮಕ್ಕಳು ಕಿಟಕಿಗೆ ಜೋತುಬೀಳುತ್ತಾರೆ. ಇಷ್ಟು ವರ್ಷವಾದರೂ ನನಗೂ ನೋಡಿ ಸಾಕಾಗಿಲ್ಲ.

ಈಗ ನಿಮ್ಮ ಸಾಲಿಗೆ ಬರುತ್ತೇನೆ. ಆಗಿನ ಯಂತ್ರಗಳಲ್ಲಿ, ದಡದ ಹತ್ತಿರ ಕೆಲವು ಹನಿಗಳು ತಪ್ಪು ಒದೆತ ತಿಂದು ಆಕಾಶಕ್ಕೆ ಹಾರಿದ ಹಾಗೆ ಹಾರಿ ಹೋಗುತ್ತಿದ್ದವಂತೆ, ಇಡೀ ಲೆಕ್ಕ ಕೆಡುತ್ತಿತ್ತಂತೆ. ಅವುಗಳನ್ನು ತೆಗೆಯಲು ನೀವು ಆ ಸಾಲು ಬರೆದಿರಿ. ಸರಿಯಾದ ಕೆಲಸವೇ. ನಾವು ಅದನ್ನು ಪೂಜೆ ಮಾಡಿಕೊಂಡೆವು. ಬೆಳಿಗ್ಗೆ ಕಚೇರಿ ಅಂಗಳ ಗುಡಿಸುವ ಹೊತ್ತಿಗೇ ಗೋಡೆಯ ಒಂಟಿ ಹನಿಗಳನ್ನೂ ಗುಡಿಸುತ್ತೇವೆ. ಹೊಸದಾಗಿ ಸೇರಿದವರ ಕೈಯಿಂದ ಮೊದಲ ದಿನ ಅದನ್ನೇ ಮಾಡಿಸಿ ಬೆಲ್ಲ ಹಂಚುತ್ತೇವೆ. ಗುಡಿಸಿದ ಮೇಲೆ ಕಡಲಿನಿಂದ ಒಳಗೆ ಬಂದ ನೀರಿಗೂ ಗೋಡೆಯ ಮೇಲಿನ ನೀರಿಗೂ ತಾಳೆಯಾಗುವುದಿಲ್ಲ, ಸ್ವಲ್ಪ ಕಡಿಮೆ ಬೀಳುತ್ತದೆ. ಆ ಕಡಿಮೆಯನ್ನು ‘ಆವಿ’ ಎಂದು ಬರೆಯುವುದು ರೂಢಿ. ಸೀರೆ ಒಣಗದ ಈ ಮಳೆಯಲ್ಲಿ ಆವಿ! ಎಲ್ಲರೂ ಬರೆದದ್ದನ್ನು ಎಲ್ಲರೂ ಬರೆಯುತ್ತಿದ್ದೆವು.

ಮೊನ್ನೆ ನಾನು ಬರಲಿರುವ ಅಮಾವಾಸ್ಯೆಯ ಭರತಿಯನ್ನು ಗೋಡೆಯ ಮೇಲೆ ಗುಡಿಸದೆ ಓಡಿಸಿದೆ. ಗುಡಿಸುವ ಬದಲು, ಸುತ್ತ ಯಾರೂ ಸಿಗದ ಹನಿಗೆ ಕೈ ಚಾಚಲು ಬಿಟ್ಟೆ. ಕೆಲವು ಜೊತೆಗಾರರು ಸಿಗುವವರೆಗೆ ಅದರ ಕೈಯಳತೆ ಬೆಳೆಯಲಿ, ಸಿಕ್ಕ ಮೇಲೆ ನಿಲ್ಲಲಿ. ಗುಡಿಸಿದ ಲೆಕ್ಕದಲ್ಲಿ ಜೋಗಿಕುರ್ವೆ ಒಣಗಿಯೇ ಇತ್ತು. ಗುಡಿಸದ ಲೆಕ್ಕದಲ್ಲಿ, ಕಟ್ಟೆ ತುಸು ಕುಸಿದಿರುವ ದಕ್ಷಿಣದ ಮೂಲೆಯಲ್ಲಿ ಒಂಟಿ ಹನಿಗಳು ಒಂದರ ಹಿಂದೆ ಒಂದು, ದೂರ ದೂರವಾಗಿ, ಕಟ್ಟೆ ಹತ್ತಿ ಇಳಿದವು. ಅಷ್ಟು ತೆಳುವಾದ ನೀರು ಅದು. ಇಳಿದ ಮೇಲೆ ಹೋಗಲು ಬೇರೆ ದಾರಿ ಇಲ್ಲದೆ ಶಾಲೆಯ ಹಿಂದಿನ ತಗ್ಗಿನಲ್ಲಿ ಕೂಡಿದವು. ಮೊದಲು ನಾಲ್ಕೈದು ಚುಕ್ಕಿ, ಆಮೇಲೆ ಗುಂಪು, ಆಮೇಲೆ ಗುಂಪಿನೊಳಗೆ ಶಾಲೆಯೇ ಕಾಣಲಿಲ್ಲ. ಅಷ್ಟರಲ್ಲಿ ಕುಸಿದ ಮೂಲೆ ಇನ್ನಷ್ಟು ಕೊರೆದುಹೋಗಿ, ತೆಳುನೀರು ತೆಳುವಾಗಿ ಉಳಿದಿರಲಿಲ್ಲ. ಕುರ್ವೆಯ ಜನ ಭರತಿ ಜೋರಾದಾಗ ಸೇರುವುದೇ ಆ ಶಾಲೆಯಲ್ಲಿ. ಕುರ್ವೆಗೆಲ್ಲ ಗಟ್ಟಿ ಕಟ್ಟಡ ಅದೊಂದೇ. ನನ್ನ ಪಕ್ಕದ ಮನೆಯ ಬುದವಂತಿಯ ತಂಗಿ ಮಂಕಾಳಿ ಅಲ್ಲಿದ್ದಾಳೆ, ತುಂಬು ಬಸುರಿ.

ನಮ್ಮ ಹಿರಿಯ ಲೆಕ್ಕಿಗರು ಪಾಂಡುರಂಗ ಹರಿಕಂತ್ರ. ನಾನು ಅಣ್ಣ ಎಂದೇ ಕರೆಯುವುದು. ಅವರು ಮೊಂಡರು ಎಂದು ನೀವು ತಿಳಿಯಬಾರದು. ಅವರಿಗೆ ಇಪ್ಪತ್ತು ದಾಟಿದ್ದ ಕಾಲದಲ್ಲಿ, ಆಗಿನ ಲೆಕ್ಕಿಗರು ಗುಡಿಸದ ಲೆಕ್ಕವೊಂದನ್ನು ನಂಬಿ ಭರತಿಯ ನಡುಮಧ್ಯದಲ್ಲಿ ಕೆಂಪು ಬಾವುಟ ಏರಿಸಿದ್ದರು. ಜನ ಹೆದರಿ ಒಟ್ಟಿಗೆ ದೋಣಿ ಹತ್ತಿದರು. ತೂಬಿನ ಬಾಯಿಯಲ್ಲಿ ಒಂದು ದೋಣಿ ಮಗುಚಿತು, ಅದರಲ್ಲಿ ಅವರ ಅಕ್ಕ ಇದ್ದರು. ಆ ದಿನ ಕುರ್ವೆಗೆ ನೀರು ಬರಲೇ ಇಲ್ಲ. ಗೋಡೆಯ ಮೇಲೆ ಕಂಡದ್ದು ಒದೆತ ತಿಂದು ಹಾರಿದ ಹನಿಗಳು, ನೀವು ಹೆದರಿದ್ದಿರಲ್ಲ, ಅಂಥವೇ. ಅಂದಿನಿಂದ ನಿಮ್ಮ ಸಾಲನ್ನು ಯಾರೂ ಮುಟ್ಟಿಲ್ಲ.

ಪದ್ಧತಿಯಂತೆ ನನ್ನ ಅನುಮಾನವನ್ನೂ ಬರೆಯಬೇಕು. ಹನಿಯ ಕೈ ತೀರ ಉದ್ದವಾದರೆ ದೂರದ ನೀರನ್ನೂ ಹತ್ತಿರದ್ದೆಂದು ತಿಳಿದೀತು. ಇಲ್ಲದ ಕಡೆ ನೀರು ಕಂಡೀತು. ಶಾಲೆಯ ಹಿಂದೆ ನಾನು ಕಂಡದ್ದರಲ್ಲಿ ಎಷ್ಟು ಭಾಗ ನೀರು, ಎಷ್ಟು ಭಾಗ ನನ್ನ ಸೂತ್ರದ ಚಾಚಿದ ಕೈ ಎಂದು ಪ್ರಮಾಣ ಮಾಡಿ ಹೇಳಲಾರೆ. ಹೇಳಬಲ್ಲದ್ದು ಒಂದೇ. ನನ್ನ ಲೆಕ್ಕದಲ್ಲಿ ಒಳಗೆ ಬಂದ ನೀರಿಗೂ ಗೋಡೆಯ ಮೇಲಿನ ನೀರಿಗೂ ತಾಳೆಯಾಯಿತು, ಆವಿ ಎಂದು ಬರೆಯಲು ಏನೂ ಉಳಿಯಲಿಲ್ಲ. ಆದ್ದರಿಂದ, ಹೆಸರು ತಿಳಿಯದ ಹಿರಿಯರೇ, ನಿಮ್ಮ ಸಾಲನ್ನು ತೆಗೆಯಲು ನಾನು, ಮೇಲ್ಕಟ್ಟೆಯ ವೈಜಯಂತಿ, ಅಪ್ಪಣೆ ಕೇಳುತ್ತಿದ್ದೇನೆ.

ಇಲ್ಲಿಯವರೆಗಿನದನ್ನು ನಿನ್ನೆ ಬರೆದು, ಇವತ್ತು ಬೆಳಿಗ್ಗೆ ಕಚೇರಿಯಲ್ಲಿ ಓದಿದೆ; ಅಮಾವಾಸ್ಯೆ ಈಗ ನಾಳೆಯೇ. ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಸಿ ಸುಮ್ಮನೆ ಕೂರಲು ಆಗುತ್ತಿಲ್ಲ, ಆದ್ದರಿಂದ ಓದಿದ ಮೇಲೆ ಏನಾಯಿತು ಎಂಬುದನ್ನೂ ನಿಮಗೇ ಬರೆಯುತ್ತಿದ್ದೇನೆ.

ಬಾಗಿಲ ಹೊರಗೆ ಜಗಲಿಯಲ್ಲಿ ಹೆಂಗಸರು ಬೆಳಚು ಸುಲಿಯುತ್ತ ಕೂತಿದ್ದರು, ಮಳೆಗಾಲದಲ್ಲಿ ಅವರು ಕೂರುವ ಜಾಗವೇ ಅದು. ನಾನು ‘ಆವಿ’ಯ ಮಾತು ಓದಿದಾಗ ಬುದವಂತಿ ಗಟ್ಟಿಯಾಗಿ ನಕ್ಕಳು. ಶಾಲೆಯ ಮಾತು ಬಂದಾಗ ಚಿಪ್ಪು ಒಡೆಯುವ ಸದ್ದು ನಿಂತಿತು. ಓದಿ ಮುಗಿಸಿದ ಕೂಡಲೇ ಅವಳು ಹೊರಗಿನಿಂದಲೇ ಕೂಗಿದಳು: “ಅಲ್ಲ ಅಕ್ಕಾ, ಸತ್ತು ನೂರೈವತ್ತು ವರ್ಷ ಆದವ್ರ ಹತ್ರ ಅಪ್ಪಣೆ ಕೇಳ್ತ್ರಿ. ನಮ್ಮ ಮಂಕಾಳಿ ಹತ್ರ ಒಂದ್ ಮಾತು ಕೇಳುಕೆ ಆಗುದಿಲ್ವಾ?”

“ಬುದವಂತೀ, ನೀನು ಬೆಳಚು ಸುಲಿ,” ಎಂದರು ಪಾಂಡುರಂಗಣ್ಣ.

“ಸುಲೀತಾ ಇದ್ದೆ ಅಣ್ಣಾ. ಅದು ಕೈ ಕೆಲ್ಸ. ಕಿವಿ ಸುಮ್ನೆ ಕೂತಿತ್ತು, ಹಾಂಗಾಗಿ ಕೇಳ್ತು.”

ಒಳಗಿದ್ದವರೂ ನಕ್ಕರು, ಅಣ್ಣ ನಗಲಿಲ್ಲ. ಕೈ ಎತ್ತಿದಾಗ ಎರಡೂ ಕಡೆ ಸಮ ಬಂತು. ನಿರ್ಧಾರ ಅವರ ಮೇಲೆ ಬಿತ್ತು.  ಗೋಡೆ ನೋಡುತ್ತಲೇ ಅವರು ಹೇಳಿದರು: “ನಿನ್ನ ಲೆಕ್ಕ ಸುಳ್ಳು ಅಂತ ನಾ ಹೇಳುದಿಲ್ಲ, ತಂಗಿ. ಕೈಯಳತೆ ಅರ್ಧ ಮಾಡಿ ಇನ್ನೊಂದ್ ಸಲ ಓಡ್ಸು. ಆಗ್ಲೂ ಶಾಲೆ ಮುಳುಗಿದ್ರೆ ನಾಳೆ ಬೆಳಗಿನ ಇಳಿತಕ್ಕೆ ನಾನೇ ಕೆಂಪು ಏರಿಸ್ತೆ. ಅಲ್ಲೀವರೆಗೆ ಬಿಳೀದೇ ಇರ್ಲಿ. ಹೆದರಿದ ಜನ ದೋಣಿ ಹತ್ತುದು ನೀನು ನೋಡ್ಲಿಲ್ಲ.”

ಅವರು ಕೇಳಿದ್ದು ನ್ಯಾಯವಾದದ್ದೇ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆನೇನೋ. ಲೆಕ್ಕ ಈಗ ಓಡುತ್ತಿದೆ, ಬೆಳಗಾಗುವವರೆಗೆ ಮುಗಿಯುವುದಿಲ್ಲ. ಕೈಯಳತೆ ಕಿರಿದಾದಷ್ಟೂ ಹನಿಗಳು ಹೆಚ್ಚು ಬೇಕು, ಹನಿ ಹೆಚ್ಚಾದಷ್ಟೂ ಹೊತ್ತು ಹಿಡಿಯುತ್ತದೆ. ಮನೆಗೆ ಬಂದೆ. ಅನ್ನಕ್ಕಿಟ್ಟು ಮರೆತೆ. ಹೊರಗೆ ಹೋಗಿ ಬಾವುಟ ನೋಡಿದೆ, ಬಿಳಿಯೇ ಇತ್ತು, ಇರುತ್ತದೆಂದು ಗೊತ್ತಿದ್ದೂ ಮತ್ತೆ ಹೋಗಿ ನೋಡಿದೆ. ‘ನೀರು ಒಂದೇ’ ಎಂಬ ಆ ಕವಿತೆಯ ಉಳಿದ ಸಾಲುಗಳನ್ನು ನೆನಪಿಸಿಕೊಳ್ಳಲು ಕೂತರೆ ಒಂದೂ ಬರುತ್ತಿಲ್ಲ. ನಾಳೆ ಬೆಳಿಗ್ಗೆ ಕೆಂಪು ಏರಿದರೂ ಜನರನ್ನು ದಾಟಿಸಲು ಇರುವುದು ಒಂದೇ ಇಳಿತ. ಅಷ್ಟರಲ್ಲಿ ಆಗದಿದ್ದರೆ ಮತ್ತೆ ಭರತಿ, ಮತ್ತೆ ಅದೇ ತೂಬಿನ ಬಾಯಿ, ಅದೇ ನೂಕುನುಗ್ಗಲು. ಅಣ್ಣ ಯಾವುದಕ್ಕೆ ಹೆದರಿ ತಡ ಮಾಡುತ್ತಿದ್ದಾರೋ ತಡವೇ ಅದನ್ನು ತಂದುಬಿಟ್ಟರೆ? ಇದನ್ನು ಕಚೇರಿಯಿಂದ ಹೊರಡುವ ಮೊದಲೇ ಅವರಿಗೆ ಹೇಳಿದ್ದೆ. “ಗೊತ್ತು,” ಎಂದಿದ್ದರು, ಅಷ್ಟೇ.

ನಿಮಗೆ ನನ್ನ ಮೇಲೆ ಬೇಸರವಾದೀತು, ನೂರೈವತ್ತು ವರ್ಷದ ಆಚೆಯಿಂದ ಒಂದು ಸಾಲಿಗೆ ಇಷ್ಟು ದೂರು ತಂದಳಲ್ಲ ಎಂದು. ದೂರು ಅಲ್ಲ. ನೀವು ದುಡುಕಿದಿರಿ ಎಂದೂ ಅಲ್ಲ. ಬೇಡಿಕೆ ಒಂದಿದೆ. ನೀವು ಈಗಲೂ ಆ ಸಾಲು ಬರೆಯುತ್ತ ಕೂತಿದ್ದರೆ, ನಿಮ್ಮ ಕಾಲ ನಿಮಗಿನ್ನೂ ಮುಗಿದಿಲ್ಲದಿದ್ದರೆ, ‘ಆಮೇಲೆ ನೋಡೋಣ’ ಎಂದು ಬರೆದ ಕಡೆ ಇನ್ನೊಂದು ಮಾತು ಸೇರಿಸಿ. ಯಾವ ಹನಿಗಳು ಹಾರುತ್ತಿದ್ದವು, ಎಲ್ಲಿ, ಏಕೆ ಹೆದರಿದಿರಿ ಎಂದು ಬರೆಯಿರಿ. ನಿಮ್ಮ ಹೆಸರನ್ನೂ ಬರೆಯಿರಿ. ಸುಳ್ಳು ಒಂಟಿಗೂ ನಿಜವಾದ ಒಂಟಿಗೂ ಇರುವ ವ್ಯತ್ಯಾಸ ಅಷ್ಟರಿಂದಲೇ ನಮಗೆ ತಿಳಿಯುತ್ತಿತ್ತು; ಪಾಂಡುರಂಗಣ್ಣ ನಲವತ್ತು ವರ್ಷ ಒಬ್ಬರೇ ಹೆದರಬೇಕಾಗಿರಲಿಲ್ಲ. ಅಳಿಸಿದ್ದನ್ನು ಎಣಿಸಿಯಾದರೂ ಇಡಿ. ದಯವಿಟ್ಟು ಆವಿ ಎಂದು ಬರೆಯಬೇಡಿ.

ಬರೆಯುವಾಗ ಬಾಗಿಲು ತೆರೆದೇ ಇತ್ತು. ಮಳೆ ಬಿಟ್ಟು ಬಿಸಿಲು ಬಿದ್ದಿದೆ, ಹೊಳೆ ಇಳಿದು ಕೆಸರು ಕಾಣುತ್ತಿದೆ, ನೀರು ನಿಂತ ಹಾಗೆ ಸುಮ್ಮನಿದೆ. ಕಟ್ಟೆಯ ಕೆಳಗೆ ದೋಣಿಗಳು ಹೋಗುತ್ತಿರುವುದು ಕಂಡಿತು. ಸಮಿತಿಯ ದೊಡ್ಡ ದೋಣಿಗಳಲ್ಲ, ಅವು ಬಿಳಿ ಬಾವುಟದ ಕೆಳಗೆ ಕಟ್ಟಿಕೊಂಡೇ ಇವೆ. ಬೆಳಚು ಆರಿಸುವ ಸಣ್ಣ ದೋಣಿಗಳು, ಮುಂದೆ ಬುದವಂತಿಯ ಗಂಡ ಹಮ್ಮಣ್ಣನದು, ಹಿಂದೆ ಜಗಲಿಯಲ್ಲಿ ಕೂತಿದ್ದವರ ಮನೆಯವು. ಒಂದಕ್ಕೊಂದು ಅಂತರ ಬಿಟ್ಟು, ಗಡಿಬಿಡಿ ಇಲ್ಲದೆ, ಜೋಗಿಕುರ್ವೆಯ ಕಡೆಗೆ. ಒಂದು ಆಗಲೇ ತಿರುಗಿ ಬರುತ್ತಿತ್ತು, ತುಂಬ ಜನ, ಮಕ್ಕಳ ಕಾಲು ನೀರಿಗೆ ತಾಗುತ್ತಿತ್ತು.

ಎದ್ದು ನಿಲ್ಲುವಷ್ಟರಲ್ಲಿ ಬುದವಂತಿ ಬಾಗಿಲಿಗೆ ಬಂದಿದ್ದಳು. ಸೊಂಟಕ್ಕೆ ಸೆರಗು ಕಟ್ಟಿದ್ದಳು, ಕಂಕುಳಲ್ಲಿ ಯಾರದೋ ಚಾಪೆ ಸುರುಳಿ. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯಿಂದಲೇ ನನ್ನ ಮನೆಯನ್ನು ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳೆದಳು.

“ಮಂಕಾಳಿ ಬಂದ್ಲು, ನಮ್ಮನೇಲಿ ಮಲಗಿದಾಳೆ. ನಿಮ್ಮ ಬಾವುಟ ನಿಧಾನಕ್ಕೆ ಬಣ್ಣ ಹಚ್ಕಳ್ಲಿ. ನೀರು ಬಂದ್ರೆ ಬಂತು, ಬರದಿದ್ರೆ ನೆಂಟ್ರ ಮನೆಗೆ ಬಂದಾಂಗೆ ಆಯ್ತು, ಬೆಳಚಿನ ಸಾರು ಉಂಡು ಹೋಗ್ಲಿ. ನಮ್ಮನೆ ತುಂಬ್ತು ಅಕ್ಕಾ. ನಿಮ್ಮನೇಲಿ ಎಷ್ಟು ಜನ ಹಿಡಿತ್ರು?”